ಆಸರೆ ಮತ್ತು ಹಂಗು: ದುರ್ಗದ ಸೀಮೆಯ ಚರಿತ್ರೆಯಿಂದ ಕೆಲವು ಪಾಠಗಳು

ಮನುಷ್ಯನು ಇನ್ನೊಬ್ಬರ ಆಸರೆಯಿಲ್ಲದೆ ಬಾಳಲಾರನು. ತಾಯಿಯ ಮಡಿಲಿನಿಂದ ಮೊದಲ್ಗೊಂಡು ನಮ್ಮನ್ನು ಕೊನೆಯ ಬಾರಿ ಹೊತ್ತೊಯ್ಯುವ ನಾಲ್ವರ ಹೆಗಲಿನವರೆಗೆ ನಾವೆಲ್ಲರೂ ಪರಸ್ಪರರನ್ನು ನೆಚ್ಚಿಯೇ ಬದುಕುತ್ತೇವೆ. ಆದುದರಿಂದ 'ನಾನು ಯಾರ ಮೇಲೂ ಅವಲಂಬಿಸಿಲ್ಲ' ಎನ್ನುವವನ ಮಾತು ಸತ್ಯಕ್ಕೆ ದೂರವಾದುದು. ಅದೇ ರೀತಿ, ಇನ್ನೊಬ್ಬರ ಬಾಗಿಲಿನಲ್ಲಿ ಸದಾ ಕೈಕಟ್ಟಿ ನಿಂತಿರುವುದೇ ವಿನಯವೆಂದು ತಿಳಿಯುವುದೂ ಸತ್ಯಕ್ಕೆ ದೂರವೇ. ನಮ್ಮ ಕನ್ನಡದಲ್ಲಿ ಇವೆರಡನ್ನು ಬೇರ್ಪಡಿಸಿ ತೋರಿಸುವ ಎರಡು ಒಳ್ಳೆಯ ಮಾತುಗಳಿವೆ. ಒಂದು 'ಆಸರೆ', ಇನ್ನೊಂದು 'ಹಂಗು'. ಆಸರೆ ಪಡೆದವನು ತಲೆಯೆತ್ತಿ ನಡೆಯುತ್ತಾನೆ. ಹಂಗಿಗೆ ಬಿದ್ದವನು ತಲೆತಗ್ಗಿಸಿ ನಡೆಯುತ್ತಾನೆ.

ಆಸರೆಯು ಹಂಗಾಗಿ ಮಾರ್ಪಡುವುದು ಯಾವ ಗಳಿಗೆಯಲ್ಲಿ? ನಮ್ಮ ದೇವಾಲಯಕ್ಕೆ ನೂರು ತುಂಬಿದ ಈ ಶುಭಸಂದರ್ಭದಲ್ಲಿ ಹುಲಿಯೂರುದುರ್ಗದ ಸೀಮೆಯ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ತಿರುವಿ ನೋಡುವುದು ಉಚಿತವೆಂದು ನಾವು ಭಾವಿಸಿದೆವು. ಅರಸರು, ಪೇಟೆಯ ವ್ಯಾಪಾರ, ಕೆರೆ-ನಾಲೆಗಳು, ಕೊನೆಗೆ ನಮ್ಮ ಧರ್ಮಸಭೆ — ಇವೆಲ್ಲದರ ಕಥೆಯಲ್ಲಿಯೂ ನಮಗೆ ದೊರೆತ ಉತ್ತರ ಒಂದೇ. ನೆಚ್ಚಿದವನಿಗೆ ನೆಚ್ಚಿಸಿಕೊಂಡವನನ್ನು ಪ್ರಶ್ನಿಸುವ, ಲೆಕ್ಕ ಕೇಳುವ ಹಕ್ಕು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅದು ಆಸರೆ. ಆ ಹಕ್ಕು ಹೋದ ಕ್ಷಣದಿಂದ ಅದು ಹಂಗು.

ಅರಸರ ಆಸರೆ

ನಮ್ಮ ಊರಿನ ನೆತ್ತಿಯ ಮೇಲೆ ನಿಂತಿರುವ ದುರ್ಗವನ್ನೇ ಮೊದಲು ನೋಡೋಣ. ಇದೂ ಕುಣಿಗಲ್ ಸೀಮೆಯ ಹುತ್ರಿದುರ್ಗವೂ ಮಾಗಡಿಯ ಸಾವನದುರ್ಗವೂ ಕೆಂಪೇಗೌಡರ ಮನೆತನಕ್ಕೆ ಸೇರಿದ ಕೋಟೆಗಳು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರು ವಿಜಯನಗರದ ಸಾಮಂತರಾಗಿದ್ದರು. ಅವರು ಕೆರೆಗಳನ್ನು ಕಟ್ಟಿಸಿದರು, ಪೇಟೆಗಳನ್ನು ಹಾಕಿಸಿದರು, ದೂರದ ಊರುಗಳಿಂದ ಕಸುಬುದಾರರನ್ನು ಕರೆತಂದು ನೆಲೆಗೊಳಿಸಿದರು. ಆದರೆ ತಮ್ಮ ಹೆಸರಿನಲ್ಲಿ ನಾಣ್ಯ ಟಂಕಿಸಿದಾಗ ವಿಜಯನಗರದ ಆಳರಸರು ಅವರನ್ನು ಆನೆಗೊಂದಿಗೆ ಕರೆಸಿಕೊಂಡು ಕೆಲವು ವರ್ಷಗಳ ಕಾಲ ಸೆರೆಯಲ್ಲಿರಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಚಕ್ರವರ್ತಿಯ ರಕ್ಷಣೆಯಿದ್ದಿತು, ಆದರೆ ಆ ರಕ್ಷಣೆಗೆ ತೆರಬೇಕಾದ ಬೆಲೆಯನ್ನು ನಿಶ್ಚಯಿಸುವವನು ಚಕ್ರವರ್ತಿಯೊಬ್ಬನೇ. 1565ರಲ್ಲಿ ವಿಜಯನಗರವೇ ಕುಸಿದಾಗ ಅದನ್ನು ನೆಚ್ಚಿದ್ದ ನಾಯಕರೆಲ್ಲರೂ ಬಯಲಿನಲ್ಲಿ ನಿಂತರು. 1638ರಲ್ಲಿ ಬಿಜಾಪುರದ ದಂಡು ಬೆಂಗಳೂರನ್ನು ಕಿತ್ತುಕೊಂಡಿತು. 1728ರಲ್ಲಿ ಮೈಸೂರಿನ ದಳವಾಯಿ ಮಾಗಡಿಯನ್ನು ಹಿಡಿದು ಕೊನೆಯ ಕೆಂಪೇಗೌಡರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು.

ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲ ಬಂದಿತು. ನಮ್ಮ ನೆರೆಯ ಕುಣಿಗಲ್ಲಿನಲ್ಲಿ ದಂಡಿನ ಕುದುರೆಗಳನ್ನು ಸಾಕುವ ಲಾಯ ಆ ಕಾಲದಲ್ಲಿಯೇ ಹೆಸರಾಯಿತು. ಇಷ್ಟೊಂದು ಬಲವಿದ್ದೂ ಟಿಪ್ಪು ಸುಲ್ತಾನನು ಹೊರಗಿನ ಆಸರೆಯನ್ನು ಅರಸಿದನು. ಅವನ ರಾಯಭಾರಿಗಳು 1788ರಲ್ಲಿ ಪ್ಯಾರಿಸಿಗೆ ಹೋಗಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ತಿರುಗಿ ಬರುವಾಗ ಅವರ ಜೊತೆಯಲ್ಲಿ ಕುಶಲಕರ್ಮಿಗಳು ಬಂದರೇ ಹೊರತು ದಂಡು ಬರಲಿಲ್ಲ. 1798ರಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರನು ಟಿಪ್ಪುವಿನ ನೆರವಿಗೆ ಜನ ಬೇಕೆಂದು ಬಹಿರಂಗವಾಗಿ ಸಾರಿಸಿದನು. ಅದರಿಂದ ಬಂದವರು ನೂರು ಜನರೂ ಇಲ್ಲ. ಆದರೆ ಆ ಸಾರಿಕೆಯನ್ನೇ ನೆಪವಾಗಿಸಿಕೊಂಡು ಇಂಗ್ಲಿಷರು ಮರುವರ್ಷ ಶ್ರೀರಂಗಪಟ್ಟಣದ ಮೇಲೆ ನುಗ್ಗಿದರು. ಇದನ್ನು ಓದುವಾಗ ಯೆಶಾಯ ಪ್ರವಾದಿಯ ಗ್ರಂಥ ನೆನಪಿಗೆ ಬಾರದಿರದು. ಅಸ್ಸೀರಿಯದ ಭಯದಿಂದ ಈಜಿಪ್ಟಿನ ಕುದುರೆಗಳನ್ನೂ ರಥಗಳನ್ನೂ ನೆಚ್ಚಿದ ಯೂದಾಯರನ್ನು ಪ್ರವಾದಿಯು ಕಟುವಾಗಿ ಎಚ್ಚರಿಸುತ್ತಾನೆ. ಈಜಿಪ್ಟಿನ ಆಸರೆಯು ಊರಿದವನ ಕೈಗೇ ಚುಚ್ಚಿಕೊಳ್ಳುವ ಜೊಂಡಿನ ಕೋಲಿನಂತೆಂದು ಶತ್ರುವಿನ ದೂತನೇ ಯೆರುಸಲೇಮಿನ ಗೋಡೆಯ ಬಳಿ ನಿಂತು ಹಂಗಿಸಿದನೆಂಬುದೂ ಆ ಗ್ರಂಥದಲ್ಲಿಯೇ ಇದೆ.

ಗೆದ್ದವರಾದರೂ ಆಸರೆಯಿಲ್ಲದೆ ಗೆದ್ದರೆ? 1791ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದ ಕಾರ್ನ್‌ವಾಲಿಸನ ಸೇನೆಯು, ಹೊರೆಯೆತ್ತುಗಳು ಸತ್ತು ದವಸ ತೀರಿದ ಕಾರಣ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಹಸಿದ ಆ ಸೇನೆಯನ್ನು ಬದುಕಿಸಿದುದು ದಾರಿಯಲ್ಲಿ ಬಂದು ಕೂಡಿಕೊಂಡ ಮರಾಠರ ದಂಡಿನ ಸಂತೆ; ಅಲ್ಲಿ ಮಾರುವವನು ಹೇಳಿದುದೇ ಬೆಲೆ. ಹಾಗೆ ಬೆಂಗಳೂರಿನತ್ತ ಹಿಂದಿರುಗುವ ದಾರಿಯಲ್ಲಿ, ಜೂನ್ ತಿಂಗಳಿನಲ್ಲಿ, ನಮ್ಮ ದುರ್ಗವು ಹೋರಾಟವಿಲ್ಲದೆಯೇ ಅವರ ವಶವಾಯಿತು. ಕೋಟೆಯನ್ನು ಕೆಡವಲಾಯಿತು. ಬೆಟ್ಟವೆಷ್ಟೇ ಕಡಿದಾಗಿದ್ದರೂ ಒಳಗಿನವರಿಗೆ ತಮ್ಮ ಬೆಂಬಲಕ್ಕೆ ಯಾರಾದರೂ ಬರುವರೆಂಬ ನಂಬಿಕೆ ಇಲ್ಲದಿದ್ದರೆ ಕಲ್ಲಿನ ಗೋಡೆ ಏನು ಮಾಡೀತು?

1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕುಳ್ಳಿರಿಸಿ ಇಂಗ್ಲಿಷರು ಮಾಡಿಕೊಂಡ ಒಪ್ಪಂದವಂತೂ ಹಂಗಿಗೆ ಬರೆದ ವ್ಯಾಖ್ಯಾನದಂತಿದೆ. ಮೈಸೂರಿನ ರಕ್ಷಣೆಗೆಂದು ಕಂಪೆನಿಯ ದಂಡು. ಅದಕ್ಕಾಗಿ ಮೈಸೂರು ವರ್ಷವೊಂದಕ್ಕೆ 7 ಲಕ್ಷ ವರಹ, ಎಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಸಲ್ಲಿಸತಕ್ಕದ್ದು. ಆ ದಂಡು ಬೇಕೆ, ಎಷ್ಟು ಬೇಕು, ಎಲ್ಲಿರಬೇಕು ಎಂದು ಕೇಳುವ ಅಧಿಕಾರ ಹಣ ಕೊಡುವವರಿಗಿರಲಿಲ್ಲ. 1830-31ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದಾಗ ಇಂಗ್ಲಿಷರು ಆಡಳಿತವನ್ನೇ ತೆಗೆದುಕೊಂಡರು. ಐವತ್ತು ವರ್ಷಗಳ ನಂತರ, 1881ರಲ್ಲಿ, ರಾಜ್ಯವನ್ನು ಹಿಂದಿರುಗಿಸುವಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಆಗ ರಾಜ್ಯದ ಒಟ್ಟು ಹುಟ್ಟುವಳಿಯೇ ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಮೇಲಾಗಿ, ಲಕ್ಷಾಂತರ ಜನರನ್ನು ನುಂಗಿದ ಕ್ಷಾಮವು ಕಳೆದು ಮೂರು ವರ್ಷವಷ್ಟೇ ಆಗಿತ್ತು. ಹೆಚ್ಚಳದ ವಸೂಲಿಯನ್ನು 1896ರವರೆಗೆ ಮುಂದೂಡಿದುದೇ ದೊಡ್ಡ ಕೃಪೆಯೆನಿಸಿತು. ಆ ಹೆಚ್ಚಳವು ರದ್ದಾದುದು 1920ರ ದಶಕದ ಕೊನೆಯಲ್ಲಿ.

ಆದರೆ ಅದೇ 1881ರಲ್ಲಿ ಇನ್ನೊಂದು ಕಾರ್ಯವೂ ನಡೆಯಿತು. ದಿವಾನ್ ರಂಗಾಚಾರ್ಲು ಅವರು ರಾಜ್ಯದ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ 144 ಮಂದಿ ಬಂದರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸರ್ಕಾರದ ಜಮಾಖರ್ಚನ್ನು ಕೇಳಿಸಿಕೊಂಡು ತಮ್ಮ ಊರುಗಳ ಕಷ್ಟವನ್ನು ಹೇಳಿಕೊಳ್ಳುವುದಷ್ಟೇ ಸಾಧ್ಯವಿದ್ದಿತು. ಆದರೂ ಆಳುವವನು ಎದ್ದು ನಿಂತು ಆಳಿಸಿಕೊಳ್ಳುವವರ ಮುಂದೆ ಲೆಕ್ಕ ಓದಿದನು. ನಮ್ಮ ನಾಡಿನ ರಾಜಕಾರಣದಲ್ಲಿ ಹಂಗು ಆಸರೆಯ ಕಡೆಗೆ ಹೊರಳಿದ ದಿನ ಅದೆಂದು ನಾವು ತಿಳಿಯುತ್ತೇವೆ.

ಪೇಟೆಯ ಆಸರೆ

ರಾಜಕಾರಣದ ಹಂಗು ಕಣ್ಣಿಗೆ ಕಾಣುತ್ತದೆ. ವ್ಯಾಪಾರದ ಹಂಗು ಅಷ್ಟಾಗಿ ಕಾಣುವುದಿಲ್ಲ. ಇದಕ್ಕೆ ನಮ್ಮ ಸೀಮೆಯ ರೇಷ್ಮೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಹಿಪ್ಪುನೇರಳೆ ಬೆಳೆದು, ಹಗಲು ರಾತ್ರಿ ಹುಳುವಿಗೆ ಸೊಪ್ಪು ಹಾಕಿ, ಚಂದ್ರಿಕೆಯಿಂದ ಗೂಡು ಬಿಡಿಸಿದ ರೈತನ ಕೈಯಲ್ಲಿ ಉಳಿಯುವುದು ಕೆಲವೇ ದಿನಗಳ ಕಾಲಾವಕಾಶ. ಅಷ್ಟರೊಳಗೆ ಗೂಡು ಮಾರಾಟವಾಗದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ; ಆ ಗೂಡಿನಿಂದ ನೂಲು ಬಿಚ್ಚಲಾಗದು. ರಾಗಿಯನ್ನಾದರೆ ಹಗೇವಿನಲ್ಲಿಟ್ಟು ಬೆಲೆಗಾಗಿ ಕಾಯಬಹುದು. ಗೂಡು ಕಾಯುವುದಿಲ್ಲ. ಹೀಗೆ ಕಾಯಲಾರದವನು ಕಾಯಬಲ್ಲವನ ಕೈಗೆ ಸಿಲುಕುತ್ತಾನೆ. ಎಲ್ಲ ವ್ಯಾಪಾರದ ಹಂಗಿನ ಬೇರು ಇಲ್ಲಿದೆ.

ಇದಲ್ಲದೆ ರೇಷ್ಮೆಯ ಬೆಲೆಯು ರಾಮನಗರದಲ್ಲಿ ಮಾತ್ರ ನಿರ್ಧಾರವಾದುದಲ್ಲ. 1930ರ ದಶಕದ ಆರಂಭದಲ್ಲಿ ಚೀನಾ ಜಪಾನುಗಳ ಅಗ್ಗದ ರೇಷ್ಮೆ ಬಂದು ಬಿದ್ದಾಗ ಮೈಸೂರಿನ ಬೆಳೆಗಾರರು ತತ್ತರಿಸಿದರು. 1934ರಲ್ಲಿ ಭಾರತ ಸರ್ಕಾರವು ರಕ್ಷಣಾ ಸುಂಕವನ್ನು ಹಾಕಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತು ವಿಮಾನದಳದ ಪ್ಯಾರಾಚೂಟಿಗೆ ಮೈಸೂರಿನ ನೂಲೇ ಬೇಕಾದಾಗ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಅಷ್ಟೇ ವೇಗವಾಗಿ ಇಳಿಯಿತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ದೆಹಲಿಯ ಒಂದು ಸಾಲಿನ ಅಕ್ಷರಕ್ಕೂ ನಮ್ಮ ಹಳ್ಳಿಯ ಮನೆಯ ಹುಳುವಿನ ತಟ್ಟೆಗೂ ಇರುವ ದೂರ ಇಷ್ಟೇ.

ಇದಕ್ಕೆ ಪರಿಹಾರವೇನು? ರೇಷ್ಮೆಯನ್ನೇ ಬಿಡುವುದೆ? ಅಲ್ಲ. ಗೂಡು ಬೆಳೆಯುವವನಿಗೆ ನೂಲು ಬಿಚ್ಚುವವನು ಬೇಕು. ನೂಲು ಬಿಚ್ಚುವವನಿಗೆ ನೇಯುವವನು ಬೇಕು. ಆದರೆ ಇವರ ನಡುವಣ ಸಂಬಂಧವು ಬೆಳಕಿನಲ್ಲಿ ನಡೆಯಬೇಕು. 1959ರಲ್ಲಿ ನಮ್ಮ ರಾಜ್ಯವು ಮಾಡಿದ ರೇಷ್ಮೆ ಕಾಯಿದೆಯ ಹಿರಿಮೆ ಇಷ್ಟೇ: ಗೂಡಿನ ವ್ಯಾಪಾರವು ಬೆಳೆಗಾರನ ಮನೆಯ ಜಗಲಿಯ ಮೇಲೆ ಸಾಲಕೊಟ್ಟವನ ಪಿಸುಮಾತಿನಲ್ಲಿ ನಡೆಯದೆ ಸರ್ಕಾರಿ ಮಾರುಕಟ್ಟೆಯಲ್ಲಿ ಹತ್ತು ಜನರೆದುರು ಹರಾಜಿನಲ್ಲಿ ನಡೆಯುವಂತಾಯಿತು. ತೂಕ ಕಣ್ಣೆದುರಿಗೆ, ಬೆಲೆ ಕಿವಿಗೆ ಕೇಳುವಂತೆ. ಕೊಳ್ಳುವವನನ್ನು ನೆಚ್ಚುವುದು ತಪ್ಪಲಿಲ್ಲ. ಒಬ್ಬನನ್ನೇ ನೆಚ್ಚುವುದು ತಪ್ಪಿತು.

ಹಾಲಿನ ಸಹಕಾರ ಸಂಘಗಳ ಕಥೆಯೂ ಇಂತಹುದೇ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದಾಗ ಬಡ್ಡಿ ವ್ಯಾಪಾರಿಯ ಹಂಗು ತಪ್ಪಿಸುವುದೇ ಉದ್ದೇಶವಾಗಿತ್ತು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಹೈನು ಅಭಿವೃದ್ಧಿಯ ಕಾರ್ಯ ಮೊದಲಾದಾಗ ಮೂಲಧನ ಹೊರಗಿನದಾಗಿದ್ದಿತು. ಇಂದು ಬೆಳಗಿನ ಜಾವ ಡೇರಿಯ ಮುಂದೆ ಸಾಲುಗಟ್ಟಿ ನಿಲ್ಲುವವರು ಸಾಲಗಾರರಲ್ಲ, ಸಂಘದ ಸದಸ್ಯರು. ಹಾಲು ಅಳೆಯುವಾಗ ಅಳತೆಯನ್ನು ಪ್ರಶ್ನಿಸಬಹುದು, ಜಿಡ್ಡಿನ ಅಂಶವನ್ನು ಕೇಳಬಹುದು, ಆಡಳಿತ ಮಂಡಲಿಯನ್ನು ಮತದಿಂದ ಬದಲಿಸಬಹುದು. ಹೊರಗಿನ ನೆರವು ಹೀಗೆ ಬಂದು ಹೀಗೆ ತನ್ನನ್ನು ಅನಾವಶ್ಯಕವಾಗಿಸಿಕೊಂಡರೆ ಅದು ಧನ್ಯವಾದ ನೆರವು.

ಕೆರೆ, ನಾಲೆ ಮತ್ತು ನೀರುಗಂಟಿ

ನಮ್ಮ ಬಯಲುಸೀಮೆಯ ಪೂರ್ವಿಕರಿಗೆ ಪರಸ್ಪರಾವಲಂಬನೆಯನ್ನು ಕಲಿಸಿದ ದೊಡ್ಡ ಗುರು ಕೆರೆ. ಹಳೆಯ ಮೈಸೂರಿನಲ್ಲಿ ಇನ್ನೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬಷ್ಟು ಕೆರೆಗಳಿದ್ದವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಮುಖ್ಯ ಎಂಜಿನಿಯರ್ ಸ್ಯಾಂಕಿಯವರು ಬೆರಗುಪಟ್ಟು ಬರೆದಿದ್ದಾರೆ. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬಬೇಕು. ಮೇಲಿನೂರಿನವರು ಏರಿಯನ್ನು ಹೆಚ್ಚು ಎತ್ತರಿಸಿದರೆ ಕೆಳಗಿನೂರಿಗೆ ನೀರಿಲ್ಲ. ಮೇಲಿನ ಏರಿ ಒಡೆದರೆ ಕೆಳಗಿನ ಕೆರೆಯೂ ಉಳಿಯದು. ಆದುದರಿಂದಲೇ ಕೆರೆಯನ್ನು ಕಟ್ಟಿದವನಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಡುತ್ತಿದ್ದರು. ಹೂಳೆತ್ತಲು ಮನೆಗೊಬ್ಬ ಆಳು ಬರಬೇಕಾಗಿತ್ತು. ತೂಬಿನ ನೀರನ್ನು ಹಂಚಲು ನೀರುಗಂಟಿಯಿದ್ದನು.

ಈ ನೀರುಗಂಟಿಯ ಪದ್ಧತಿಯನ್ನು ನಾವು ಗಮನವಿಟ್ಟು ನೋಡಬೇಕು. ಊರಿನ ಪೈರೆಲ್ಲವೂ ಅವನೊಬ್ಬನ ಕೈಯನ್ನು ನೆಚ್ಚಿತ್ತು. ನೀರು ಕಡಮೆಯಾದ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಅವನು ಜಾರಿಗೆ ತರುತ್ತಿದ್ದನು. ಬಹುಕಡೆ ಅವನಿಗೆ ಆ ಕೆರೆಯ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯಿರುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಆಯವೆಂದು ಧಾನ್ಯ ಪಡೆಯುತ್ತಿದ್ದನು. ಎಲ್ಲರ ಗದ್ದೆ ಬೆಳೆದರೆ ಅವನ ಹೊಟ್ಟೆ ತುಂಬುತ್ತಿತ್ತು. ಒಂದು ಗದ್ದೆ ಒಣಗಿದರೂ ಆ ಕಣದವನು ಹತ್ತು ಜನರೆದುರು ಅವನನ್ನು ಕೇಳುತ್ತಿದ್ದನು. ಊರು ಅವನನ್ನು ನೆಚ್ಚಿತ್ತು. ಅವನೂ ಊರನ್ನು ನೆಚ್ಚಿದ್ದನು. ಆದರೆ ಈ ಪದ್ಧತಿಯನ್ನು ಹೊಗಳುವ ಭರದಲ್ಲಿ ಅದರ ಕಳಂಕವನ್ನು ಮುಚ್ಚಿಡುವುದು ನ್ಯಾಯವಲ್ಲ. ನೀರು ಹಂಚುತ್ತಿದ್ದವನು ಸಾಮಾನ್ಯವಾಗಿ ಊರ ಹೊರಗಿನ ಕೇರಿಯವನು. ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದವನು. ಅವನನ್ನು ಊರು ಪ್ರಶ್ನಿಸಬಹುದಾಗಿತ್ತು. ತನಗೇಕೆ ಭೂಮಿಯಿಲ್ಲ ಎಂದು ಅವನು ಊರನ್ನು ಪ್ರಶ್ನಿಸುವಂತಿರಲಿಲ್ಲ. ಊರಿಗೆ ಆಸರೆಯಾದುದು ಅವನ ಪಾಲಿಗೆ ಹಂಗೇ ಆಗಿದ್ದಿತು.

ಕಾಲಕ್ರಮದಲ್ಲಿ ಕೆರೆಗಳು ಸರ್ಕಾರದ ಕೈಗೆ ಹೋದುವು; ಏರಿಯ ಮಣ್ಣು ಜಾರಿದರೆ ಇಲಾಖೆಗೆ ಅರ್ಜಿ ಬರೆಯುವುದು ರೂಢಿಯಾಯಿತು. ದೊಡ್ಡ ಅಣೆಕಟ್ಟುಗಳ ಯುಗವೂ ಬಂದಿತು. ಶಿಂಷಾ ನದಿಗೆ ಅಡ್ಡಲಾಗಿ ನಮ್ಮ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಮೈಸೂರು ಸರ್ಕಾರ ಕಟ್ಟಿದ ಜಲಾಶಯವು, ನೀರು ಮಟ್ಟ ಮೀರಿದೊಡನೆ ತಾನಾಗಿಯೇ ಹೊರಸೂಸುವ ಸೈಫನ್ ವ್ಯವಸ್ಥೆಗೆ ಹೆಸರಾದುದು. ಅನಂತರ ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಜಲಾಶಯವು 1979ರಲ್ಲಿ ಪೂರ್ಣಗೊಂಡಿತು. ಅದರ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿ. ಬಾಗೂರು-ನವಿಲೆಯ ಸುರಂಗವನ್ನು ಹಾಯ್ದು ಬರುವ ನಾಲೆಯ ನೀರು ತಿಪಟೂರು, ಗುಬ್ಬಿ, ತುಮಕೂರುಗಳ ಕೆರೆಗಳನ್ನು ಕಂಡು ಕೊನೆಗೆ ಕುಣಿಗಲ್ಲಿಗೆ ತಲುಪಬೇಕು. ಎಂದರೆ ನಾವು ನಾಲೆಯ ಬಾಲದವರು. ಬಾಲದವರ ಗದ್ದೆಗೆ ನೀರು ಬರುವುದು ತಲೆಯವರು ತೂಬು ಮುಚ್ಚಿದಾಗ ಮಾತ್ರ.

ಈ ಕಾರಣದಿಂದಲೇ ನಾಲೆಯ 70ನೆಯ ಕಿಲೋಮೀಟರಿನ ಸಮೀಪದಿಂದ ಕೊಳವೆಯಲ್ಲಿ ನೇರವಾಗಿ ಕುಣಿಗಲ್ಲಿನ ಕಡೆಗೆ ನೀರೊಯ್ಯುವ, ಸುಮಾರು ಸಾವಿರ ಕೋಟಿ ರೂಪಾಯಿಯ ಎಕ್ಸ್‌ಪ್ರೆಸ್ ಸಂಪರ್ಕ ನಾಲೆಯ ಯೋಜನೆ ಹುಟ್ಟಿತು. 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿಯ ಸೀಮೆಯಲ್ಲಿ ರೈತರೂ ಮಠಾಧಿಪತಿಗಳೂ ಅದನ್ನು ವಿರೋಧಿಸಿ ಬೀದಿಗಿಳಿದರು, ನಿಷೇಧಾಜ್ಞೆ ಜಾರಿಯಾಯಿತು. ಕುಣಿಗಲ್ಲಿನವರಿಗೆ ತಮಗೆ ಹಂಚಿಕೆಯಾದ ನೀರು ದಶಕಗಳಿಂದ ಪೂರ್ತಿಯಾಗಿ ತಲುಪಿಲ್ಲವೆಂಬ ಅಳಲು. ಗುಬ್ಬಿಯವರಿಗೆ ಕೊಳವೆಯು ತಮ್ಮ ಕಣ್ಣೆದುರಿಗೇ ನೆಲದಡಿಯಲ್ಲಿ ಹಾದು ಹೋದರೆ ಒಳಗೆ ಎಷ್ಟು ನೀರು ಹೋಯಿತೆಂದು ತಿಳಿಯದೆಂಬ ಭಯ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆಯೆಂದು ನಾವು ಒಪ್ಪಿಕೊಳ್ಳಬೇಕು. ಎರಡೂ ಕಡೆಯಲ್ಲಿ ನಮ್ಮಂತಹ ಒಕ್ಕಲು ಮಕ್ಕಳೇ ಇದ್ದಾರೆ. ಕೊಳವೆ ಬೇಕೇ ಬೇಡವೇ ಎಂಬುದನ್ನು ಬಲ್ಲವರು ತೀರ್ಮಾನಿಸಲಿ. ಚರಿತ್ರೆಯನ್ನು ಓದಿದ ನಮಗೆ ಕಾಣುವುದು ಇಷ್ಟು: ಈ ಜಗಳದಲ್ಲಿ ಕೊರತೆಯಾಗಿರುವುದು ನೀರು ಮಾತ್ರವಲ್ಲ, ನಂಬಿಕೆ. ತಲೆಯವನೂ ಬಾಲದವನೂ ಒಟ್ಟಿಗೆ ನಿಂತು ನೋಡಿ ಓದಬಹುದಾದ ಅಳತೆಯ ಕಂಬ, ಇಬ್ಬರೂ ಕೂಡಿ ಪ್ರಶ್ನಿಸಬಹುದಾದ ನೀರುಗಂಟಿ — ಇವೆರಡಿಲ್ಲದೆ ತೆರೆದ ನಾಲೆಯಾದರೂ ಅನುಮಾನ, ಮುಚ್ಚಿದ ಕೊಳವೆಯಾದರೂ ಅನುಮಾನ.

ಧರ್ಮಸಭೆಯ ಆಸರೆ

ಇಷ್ಟು ಹೊತ್ತು ಅರಸರನ್ನೂ ವರ್ತಕರನ್ನೂ ಇಲಾಖೆಗಳನ್ನೂ ತೂಗಿದೆವು. ಅದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿಕೊಳ್ಳದಿದ್ದರೆ ಅದು ಪ್ರಾಮಾಣಿಕತೆಯಾಗದು.

ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರಿನ ಮಿಷನ್ನಿಗೆ ತಳಹದಿ ಹಾಕಿದರು. ಕನ್ನಡ ಕಲಿತು ಕನ್ನಡದಲ್ಲಿ ಉಪದೇಶ ಗ್ರಂಥವನ್ನು ಬರೆದರು. ಆ ಮಿಷನ್ನಿನ ಹಿಂದೆ ಪೋರ್ತುಗಲ್ಲಿನ ದೊರೆಯ ಪೋಷಣೆಯಿದ್ದಿತು. ದೊರೆಯ ಆಸರೆ ಎಷ್ಟು ಗಟ್ಟಿಯಾದುದೆಂಬುದು ಮುಂದೆ ತಿಳಿಯಿತು. 1759ರಲ್ಲಿ ಅದೇ ಪೋರ್ತುಗಲ್ ಯೇಸುಸಭೆಯ ಗುರುಗಳನ್ನು ತನ್ನ ನೆಲದಿಂದ ಹೊರಹಾಕಿತು. ಯೂರೋಪಿನ ಕಥೋಲಿಕ ದೊರೆಗಳ ಒತ್ತಾಯಕ್ಕೆ ಮಣಿದು 1773ರಲ್ಲಿ ಹದಿನಾಲ್ಕನೆಯ ಕ್ಲೆಮೆಂಟ್ ಜಗದ್ಗುರುಗಳು ಆ ಸಭೆಯನ್ನೇ ವಿಸರ್ಜಿಸಿದರು. ಕಾವೇರಿಯ ದಡದ ಬಡ ಕ್ರೈಸ್ತರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹೊಸ ಗುರುಗಳು ಬರುವುದು ನಿಂತಿತು. ಇದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು. ಟಿಪ್ಪುವಿನ ಕಾಲದ ಕಷ್ಟಗಳೂ ಬಂದೆರಗಿದವು. ಅಂತಹ ವರ್ಷಗಳಲ್ಲಿ ವಿಶ್ವಾಸದ ದೀಪವನ್ನು ಆರದಂತೆ ಕಾಪಾಡಿದವರು ಊರಿನ ಉಪದೇಶಿಗಳು, ಹಿರಿಯರು, ಮನೆಮನೆಯಲ್ಲಿ ಜಪಸರ ಹೇಳಿಸಿದ ತಾಯಂದಿರು. ದೊರೆಯ ಕಂಬ ಮುರಿದಾಗ ಛಾವಣಿಯನ್ನು ಹಿಡಿದು ನಿಂತವರು ಇವರೇ.

ಅನಂತರ ಪ್ಯಾರಿಸಿನ ವಿದೇಶಿ ಮಿಷನ್ ಸಭೆಯವರು ಬಂದರು. 1799ರ ನಂತರ ಮೈಸೂರಿನಲ್ಲಿ ದುಡಿದ ಅಬ್ಬೆ ದ್ಯುಬುವಾ ಅವರನ್ನು ಜನ 'ದೊಡ್ಡಸ್ವಾಮಿಯವರು' ಎಂದು ಕರೆದರು. ಅವರು ಹಾಸನದ ಬಳಿಯ ಸೀಮೆಯಲ್ಲಿ ಚದುರಿದ ಕ್ರೈಸ್ತರನ್ನು ಬೇಸಾಯದಲ್ಲಿ ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದಾಕು ಹಾಕಿಸಿದರು. ಒಂದು ಹೊತ್ತಿನ ಅನ್ನಕ್ಕಿಂತ ಒಂದು ತುಂಡು ನೆಲ ಮೇಲೆಂದು ಅವರು ಬಲ್ಲವರಾಗಿದ್ದರು. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಕುಸಿದು, 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದುದು 1881ರಲ್ಲಿ 42 ಲಕ್ಷಕ್ಕೂ ಕಡಮೆಯಾಗಿತ್ತು. ನಮ್ಮ ತುಮಕೂರು ಜಿಲ್ಲೆಯೂ ಬಹಳ ನೊಂದಿತು. ಆಗಲೂ ಗುರುಗಳೂ ಕನ್ಯಾಸ್ತ್ರೀಯರೂ ಅನಾಥ ಮಕ್ಕಳನ್ನು ಎತ್ತಿಕೊಂಡರು. ಬೆಂಗಳೂರಿನ ಉತ್ತರಕ್ಕಿರುವ ಸಿಲುವೇಪುರದಂತಹ ಊರುಗಳು ಆ ಅನಾಥರಿಗೆ ನೆಲೆ ಕೊಡುವುದಕ್ಕಾಗಿ ಹುಟ್ಟಿದುವು. ಫ್ರಾನ್ಸಿನ ಬಡ ಮಕ್ಕಳೂ ದುಡಿಯುವ ಹೆಂಗಸರೂ ಕೂಡಿಸಿದ ಬಿಡಿಕಾಸು ಆ ಕಾರ್ಯದಲ್ಲಿತ್ತು. ಅದನ್ನು ನಾವು ಕೃತಜ್ಞತೆಯಿಂದಲೇ ನೆನೆಯಬೇಕು.

ಆದರೆ ಅದೇ ಆಸರೆಯು ಎಷ್ಟು ದೂರದಲ್ಲಿದ್ದಿತೆಂಬುದು 1914ರಲ್ಲಿ ತಿಳಿಯಿತು. ಯುದ್ಧಕ್ಕೆಂದು ಫ್ರಾನ್ಸು ತನ್ನ ಗುರುಗಳನ್ನೂ ಕರೆಸಿಕೊಂಡಿತು. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದುದು, 1942ರಲ್ಲಿ ಭಾರತೀಯರಾದ ಪೋತಕಮೂರಿಯವರು ಅದರ ಧರ್ಮಾಧ್ಯಕ್ಷರಾದುದು, 1953ರಲ್ಲಿ ಅದು ಮಹಾಧರ್ಮಪ್ರಾಂತ್ಯವಾದುದು — ಇವೆಲ್ಲ ಮಕ್ಕಳು ಬೆಳೆದು ಮನೆಯ ಹೊಣೆ ಹೊತ್ತ ಹೆಜ್ಜೆಗಳು. ಗುರುಗಳು ನಮ್ಮವರಾದರು. ಕೈಚೀಲ ನಮ್ಮದಾಯಿತೆ? 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಗೋಧಿ, ಹಾಲಿನಪುಡಿ ನಾಡಿನ ಅನೇಕ ಚರ್ಚುಗಳ ಅಂಗಳದಲ್ಲಿ ಹಂಚಿಕೆಯಾದುವು. ಹಸಿದ ಮಗುವಿಗೆ ಹಾಲು ಕೊಟ್ಟುದು ಪುಣ್ಯವೇ ಸರಿ. ಆದರೆ 1965-66ರ ಬರದಲ್ಲಿ ಅಮೆರಿಕದ ಅಧ್ಯಕ್ಷರು ಗೋಧಿಯ ಹಡಗುಗಳನ್ನು ತಿಂಗಳು ತಿಂಗಳು ಲೆಕ್ಕ ಹಾಕಿ ಬಿಡುತ್ತ ಇಡೀ ಭಾರತವನ್ನೇ ಕಾಯಿಸಿದುದನ್ನು ನೆನೆದರೆ, ಕೊಡುವ ಕೈ ಯಾವಾಗಲೂ ಮೇಲಿರುತ್ತದೆಂಬ ಮಾತಿನ ಅರ್ಥವಾಗುತ್ತದೆ. ಚರ್ಚಿನ ಅಂಗಳದಲ್ಲಿಯೂ 'ಸ್ವಾಮಿಗಳು ಕೊಡಿಸುತ್ತಾರೆ' ಎಂಬ ಮಾತು ಆಗ ಬೇರೂರಿತು. ಅದು ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಗಂಟೆಯ ಹಗ್ಗ ಹರಿದರೂ ಸ್ವಾಮಿಗಳು, ಮಗನ ಕೆಲಸಕ್ಕೂ ಸ್ವಾಮಿಗಳ ಶಿಫಾರಸು ಪತ್ರ, ಬೀದಿಯ ದೀಪಕ್ಕೂ ಶಾಸಕರ ಕೃಪೆ. ಚುನಾವಣೆಯ ಹೊತ್ತಿಗೆ ಆ ಕೃಪೆಯ ಋಣಸಂದಾಯ.

ಮುಂದಿನ ದಾರಿ

ಹಾಗಾದರೆ ಧರ್ಮಸಭೆಯ ಬೋಧನೆ ಏನು? 1931ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ತಮ್ಮ ವಿಶ್ವಪತ್ರದಲ್ಲಿ ಒಂದು ನಿಯಮವನ್ನು ಎತ್ತಿಹಿಡಿದರು: ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಮುದಾಯವು ಕಿತ್ತುಕೊಳ್ಳುವುದು ಅನ್ಯಾಯ, ದೊಡ್ಡದು ಚಿಕ್ಕದಕ್ಕೆ ನೆರವಾಗಬೇಕೇ ಹೊರತು ಅದನ್ನು ನುಂಗಬಾರದು. 1987ರಲ್ಲಿ ಎರಡನೆಯ ಜಾನ್ ಪೌಲರು, ರಾಷ್ಟ್ರಗಳು ಪರಸ್ಪರ ಅವಲಂಬಿಸಿರುವುದು ಸತ್ಯವಾದುದರಿಂದ ಆ ಅವಲಂಬನೆಯು ಐಕಮತ್ಯವಾಗಿ ಮಾರ್ಪಡಬೇಕೆಂದು ಬೋಧಿಸಿದರು. ಸಂತ ಪೌಲರಾದರೋ ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ, ಕೆಲವೇ ವಾಕ್ಯಗಳ ಅಂತರದಲ್ಲಿ, ಪರಸ್ಪರರ ಭಾರಕ್ಕೆ ಹೆಗಲು ಕೊಡಬೇಕೆಂದೂ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಹೇಳುತ್ತಾರೆ. ಮೇಲುನೋಟಕ್ಕೆ ಇವು ವಿರೋಧವೆನಿಸಬಹುದು. ಹೊರೆ ಹೊತ್ತು ಸಂತೆಗೆ ಹೋಗಿಬಂದವರಿಗೆ ಇದರಲ್ಲಿ ವಿರೋಧವೇನೂ ಕಾಣದು. ಹೊರೆ ನನ್ನದೇ; ತಲೆಯ ಮೇಲೆತ್ತಲು ಮಾತ್ರ ಇನ್ನೊಬ್ಬರ ಕೈ ಬೇಕು. ಗುಡಾರ ಹೊಲಿದು ಅನ್ನ ಗಳಿಸುತ್ತಿದ್ದ ಸಂತ ಪೌಲರು ಇದನ್ನು ಅನುಭವದಿಂದಲೇ ಬರೆದರು.

1983ರ ಧರ್ಮಸಭಾ ಕಾನೂನು ಸಂಹಿತೆಯು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರತಕ್ಕದ್ದೆಂದು ವಿಧಿಸಿದೆ. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯವೆಂದೂ ಹೇಳಿದೆ. ಕೊಡುವ ಕರ್ತವ್ಯ, ಕೇಳುವ ಹಕ್ಕು — ಇವು ಜೋಡೆತ್ತುಗಳು. ಒಂದನ್ನು ಬಿಚ್ಚಿ ಇನ್ನೊಂದರಿಂದಲೇ ಉಳಲಾಗದು. ಆದುದರಿಂದ ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರದಲ್ಲಿ ಹಬ್ಬದ ಜಮಾಖರ್ಚು ದೇವಾಲಯದ ಬಾಗಿಲಿನಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಅಂಟಿಸಲ್ಪಡಲಿ; ಗುರುಗಳನ್ನು ಲೆಕ್ಕ ಕೇಳುವುದು ಅಗೌರವವೆಂಬ ಭಾವನೆ ತೊಲಗಲಿ. ನಮ್ಮ ಬಡವರಿಗೆ ಮೊದಲು ನಮ್ಮ ಮನೆಗಳ ಹಿಡಿಯಕ್ಕಿಯೇ ಒದಗಲಿ. ಹೊರಗಿನ ನೆರವು ಬಂದರೆ ಅದು ಯಾವಾಗ ಮುಗಿಯುವುದೆಂದು ಮೊದಲೇ ನಿಶ್ಚಯಿಸಿಕೊಳ್ಳೋಣ. ಗ್ರಾಮಸಭೆ ನಡೆದಾಗ ನಮ್ಮ ಜನ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರದೆ ಎದ್ದು ನಿಂತು ಪ್ರಶ್ನಿಸಲಿ. 1881ರಲ್ಲಿ 144 ಮಂದಿಗೆ ಮಾತ್ರ ದೊರೆತ ಅವಕಾಶ ಇಂದು ಪ್ರತಿಯೊಬ್ಬ ಮತದಾರನಿಗೂ ಇದೆ. ನೀರಿನ ವಿಷಯದಲ್ಲಿ ಗುಬ್ಬಿಯ ಸೋದರನನ್ನು ಶತ್ರುವೆಂದು ಕರೆಯುವ ಘೋಷಣೆಗೆ ನಮ್ಮ ಬಾಯಿ ಸೇರದಿರಲಿ. ಅವನೂ ನಾವೂ ಒಂದೇ ಅಳತೆಯ ಕಂಬವನ್ನು ಕೇಳೋಣ.

ಕೊನೆಯದಾಗಿ ಒಂದು ಮಾತು. ದೇವರ ಮೇಲಿನ ನಮ್ಮ ಅವಲಂಬನೆಯೂ ಒಂದು ಹಂಗಲ್ಲವೇ ಎಂದು ಕೆಲವರು ಕೇಳುವುದುಂಟು. ಕಡೆಯ ಭೋಜನದ ರಾತ್ರಿ ಪ್ರಭು ಯೇಸು ತಮ್ಮ ಶಿಷ್ಯರಿಗೆ ಹೇಳಿದುದನ್ನು ಸಂತ ಯೊವಾನ್ನರು ದಾಖಲಿಸಿದ್ದಾರೆ. ಇನ್ನು ನೀವು ನನಗೆ ದಾಸರಲ್ಲ, ಗೆಳೆಯರು ಎಂದರು ಪ್ರಭು; ಅದಕ್ಕೆ ಅವರು ಕೊಟ್ಟ ಕಾರಣವೇ ಗಮನಾರ್ಹ. ಒಡೆಯನ ಕಾರ್ಯ ದಾಸನಿಗೆ ತಿಳಿಯದು. ತಾವಾದರೋ ತಂದೆಯಿಂದ ಕೇಳಿದುದೆಲ್ಲವನ್ನೂ ಶಿಷ್ಯರಿಗೆ ತಿಳಿಸಿರುವುದಾಗಿ ಹೇಳಿದರು. ಸಮಸ್ತವೂ ಯಾರನ್ನು ನೆಚ್ಚಿ ನಿಂತಿದೆಯೋ ಆ ದೇವರೇ ತನ್ನನ್ನು ನೆಚ್ಚಿದವರಿಗೆ ತನ್ನ ಮನಸ್ಸನ್ನು ಬಿಚ್ಚಿ ತೋರಿಸಿದನು. ಹೀಗಿರುವಾಗ ನಮ್ಮನ್ನು ಆಳುವವರೂ ನಮ್ಮೊಡನೆ ವ್ಯಾಪಾರ ಮಾಡುವವರೂ ನಮಗೆ ನೀರು ಹಂಚುವವರೂ ದೇವಾಲಯದ ಬೀಗದ ಕೈ ಹಿಡಿದ ನಾವೂ ನಮ್ಮನ್ನು ನೆಚ್ಚಿದವರಿಂದ ಏನನ್ನು ತಾನೆ ಮರೆಮಾಚಬಹುದು?